ಡಾಕ್ಟರು ಡಾಕ್ಟರ ಜೊತೆ ಕನ್ನಡದಲ್ಲಿ ಯಾಕೆ ಜಗಳ ಆಡಬಾರದು?



ನಾನು ಜಪಾನಿಗೆ ಬಂದು ಎಂಟು ವರ್ಷವಾಯಿತು. ಆಸ್ಪತ್ರೆಗಳ ಎಕ್ಸ್-ರೇ, ಸ್ಕ್ಯಾನ್ ಚಿತ್ರಗಳನ್ನು ಕಾಪಾಡುವ ಸಾಫ್ಟ್‌ವೇರ್ ಬರೆಯುವುದು, ಅದು ಕೈಕೊಟ್ಟಾಗ ಓಡಿಹೋಗಿ ಸರಿಮಾಡುವುದು ನನ್ನ ಕೆಲಸ. ನಾನು ಡಾಕ್ಟರ್ ಅಲ್ಲ. ಓದಿದ್ದು ಇಂಜಿನಿಯರಿಂಗ್. ಆದ್ದರಿಂದ ಇದನ್ನು ಓದುವ ವೈದ್ಯ ಮಿತ್ರರು "ಇವನಿಗೇನು ಗೊತ್ತು?" ಅಂತ ಮೊದಲೇ ಕೇಳಬಹುದು. ಕೇಳಿ. ಹಾಗೆ ಕೇಳುವುದರ ಬಗ್ಗೆಯೇ ಈ ಬರಹ.

ಹೋದ ವರ್ಷ ಒಂದು ಗುರುವಾರ ಸಂಜೆ ಒಸಾಕಾ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಸರ್ವರ್ ಕೆಲಸ ಮುಗಿಸಿ ಹೊರಡುವವನಿದ್ದೆ. ಮೀಟಿಂಗ್ ರೂಮಿನ ಪರದೆ ಮೇಲೆ ಸ್ಕ್ಯಾನ್ ಚಿತ್ರ ಸರಿಯಾಗಿ ಬರುತ್ತಿಲ್ಲ, ಸ್ವಲ್ಪ ಇದ್ದು ನೋಡಿ ಅಂದರು. ಹಿಂದಿನ ಸಾಲಿನಲ್ಲಿ ಕೂತೆ. ಒಬ್ಬ ಎಳೆಯ ಡಾಕ್ಟರಮ್ಮ ಎದ್ದು ನಿಂತು ಏಳು ನಿಮಿಷ ಮಾತಾಡಿದಳು. ಮುಂದಿನ ವಾರ ಅವಳ ವಿಭಾಗದ ಪ್ರಾಂತೀಯ ಸಮ್ಮೇಳನವಿತ್ತು, ಇದು ಅದರ ತಾಲೀಮು. ಒಬ್ಬರು ಗಡಿಯಾರ ಹಿಡಿದು ಕೂತಿದ್ದರು. ಏಳು ನಿಮಿಷ ಮುಗಿದ ಮೇಲೆ ಶುರುವಾಯಿತು ನೋಡಿ ನಿಜವಾದ ಕೆಲಸ. ನಲವತ್ತು ನಿಮಿಷ! "ಮೂರನೇ ಸ್ಲೈಡಿನಲ್ಲಿ ಒಟ್ಟು ರೋಗಿಗಳು ಇಷ್ಟು, ಐದನೆಯದರಲ್ಲಿ ಇಬ್ಬರು ಕಮ್ಮಿ, ಅವರೆಲ್ಲಿ ಹೋದರು?" "ಈ ಬಾಣದ ಗುರುತು ಕೊನೆಯ ಸಾಲಿನವರಿಗೆ ಕಾಣಲ್ಲ." "ತೀರ್ಮಾನದಲ್ಲಿ ಹೇಳಿದ್ದು ನಿನ್ನ ಲೆಕ್ಕದಿಂದ ಹುಟ್ಟಲ್ಲ, ಒಂದು ಮೆಟ್ಟಿಲು ಇಳಿಸಿ ಹೇಳು." ಕೊನೆಗೆ ಒಬ್ಬ ಹಿರಿಯರು ಮೆಲ್ಲಗೆ ಕೇಳಿದರು: "ಆ ರೋಗಿ ಬಂದ ದಿನ ತನ್ನ ಬಾಯಲ್ಲಿ ಏನಂದ?" ಅವಳು ಅವನು ಆಡಿದ ಮಾತನ್ನೇ, ಅವನ ಒಸಾಕಾ ಆಡುಮಾತಿನಲ್ಲೇ ಹೇಳಿದಳು. "ಅದನ್ನು ಎರಡನೇ ಸ್ಲೈಡಿಗೆ ಹಾಕು" ಅಂದರು.

ಎಲ್ಲವೂ ಜಪಾನೀಸಿನಲ್ಲಿ. ಸ್ಲೈಡಿನ ಮೇಲೆ ಇಂಗ್ಲಿಷ್ ಪದಗಳು ಬೇಕಾದಷ್ಟಿದ್ದವು. ಜಗಳ ಮಾತ್ರ ತಾಯ್ನುಡಿಯಲ್ಲಿ ನಡೆಯಿತು.

ಆ ರಾತ್ರಿ ರೈಲಿನಲ್ಲಿ ಬರುವಾಗ ಕರ್ನಾಟಕದ ಒಂದು ಮೆಡಿಕಲ್ ಕಾಲೇಜಿನಲ್ಲಿ ಪಿಜಿ ಮಾಡುತ್ತಿರುವ ನನ್ನ ತಂಗಿ ನೆನಪಾದಳು. ಹೊಟ್ಟೆ ಉರಿಯಿತು. ಆ ಕಥೆಗೆ ಆಮೇಲೆ ಬರುತ್ತೇನೆ.

ಇವರು ಇದನ್ನು ಹೇಗೆ ಮಾಡುತ್ತಾರೆ?

ಈ ತಾಲೀಮಿಗೆ ಇಲ್ಲಿ 'ಯೋಎನ್‌ಕಾಯ್' ಅನ್ನುತ್ತಾರೆ. ಅಂದರೆ ಮುಂಚಿತವಾಗಿ ಪ್ರಸ್ತುತಪಡಿಸುವ ಸಭೆ. ಸಮ್ಮೇಳನಕ್ಕೆ ಹೋಗುವ ಮುನ್ನ ಸ್ವಂತ ವಿಭಾಗದವರ ಮುಂದೆ ಮಾತಾಡಿ ಬೈಸಿಕೊಳ್ಳುವುದು ವಾಡಿಕೆ. ಇದಲ್ಲದೆ 'ಶೋದೊಕುಕಾಯ್' ಅಂತ ಇನ್ನೊಂದಿದೆ. ಯಾವುದೋ ಇಂಗ್ಲಿಷ್ ಸಂಶೋಧನಾ ಲೇಖನ ಓದಿಕೊಂಡು ಬಂದು, ಅದನ್ನು ಜಪಾನೀಸಿನಲ್ಲಿ ವಿವರಿಸಿ, ಎಲ್ಲರೂ ಸೇರಿ ಅದರ ಹುಳುಕು ಹುಡುಕುವುದು. ನಮ್ಮಲ್ಲಿ ಜರ್ನಲ್ ಕ್ಲಬ್ ಅನ್ನುವುದು ಇದನ್ನೇ. ಒಂದೇ ವ್ಯತ್ಯಾಸ: ಲೇಖನ ಇಂಗ್ಲಿಷಿನದಾದರೂ ಚರ್ಚೆ ಇಂಗ್ಲಿಷಿನದಲ್ಲ.

ಇಲ್ಲಿನ ಸಮ್ಮೇಳನಗಳಲ್ಲಿ ಒಂದು ತಮಾಷೆಯ ಮಾತು ಚಾಲ್ತಿಯಲ್ಲಿದೆ. ಪ್ರಶ್ನೆ ಕೇಳುವವರು "ಶಿರೋಊತೊ ಶಿತ್ಸುಮೊನ್ ದೆ ಕ್ಯೋಶುಕು ದೆಸು ಗಾ..." ಅಂತ ಶುರುಮಾಡುತ್ತಾರೆ. "ಏನೂ ತಿಳಿಯದವನ ಪ್ರಶ್ನೆ, ಕ್ಷಮೆ ಇರಲಿ, ಆದರೂ..." ಅಂತ ಅರ್ಥ. ಈ ಮಾತು ಕೇಳಿದ ಕೂಡಲೇ ವೇದಿಕೆ ಮೇಲಿರುವವರ ಎದೆ ನಡುಗುತ್ತದಂತೆ. ಯಾಕೆಂದರೆ ಹೀಗೆ ಕೇಳುವವರು ಬಹಳ ಸಲ ಆ ವಿಷಯದ ಪಂಡಿತರೇ ಆಗಿರುತ್ತಾರೆ! ನಯವಾಗಿ ಮಾತು ತೆಗೆದು ಬುಡಕ್ಕೇ ಕೈಹಾಕುವುದು. ಇಷ್ಟು ನಯ, ಇಷ್ಟು ಹರಿತ ಕಲಿತ ಭಾಷೆಯಲ್ಲಿ ಸುಲಭಕ್ಕೆ ಬರುವುದಿಲ್ಲ ಸ್ವಾಮಿ.

ಕೇಳುಗರಲ್ಲಿ ಇಬ್ಬರು ಬಾಯಿಬಿಟ್ಟಾಗ

ಇದು ಬರೀ ಸ್ಲೈಡ್ ತಿದ್ದುವ ಶಿಸ್ತು ಅಂದುಕೊಳ್ಳಬೇಡಿ. 1908ರಲ್ಲಿ ಕನಜಾವದ ಕಣ್ಣಿನ ಪ್ರೊಫೆಸರ್ ಮಿಕಿತೊ ತಾಕಾಯಾಸು ಜಪಾನಿನ ನೇತ್ರವೈದ್ಯರ ಸಂಘದಲ್ಲಿ ಒಬ್ಬ ಎಳೆಯ ಹೆಣ್ಣುಮಗಳ ಕೇಸ್ ವರದಿ ಮಾಡಿದರು. ಅವಳ ಕಣ್ಣಿನ ಹಿಂಭಾಗದಲ್ಲಿ ರಕ್ತನಾಳಗಳು ಹೂಮಾಲೆಯ ಹಾಗೆ ಸುತ್ತಿಕೊಂಡಿದ್ದವು. ತಾಕಾಯಾಸು ಕಂಡದ್ದು ಅಷ್ಟು. ಕೇಳುತ್ತಿದ್ದವರಲ್ಲಿ ಓನಿಶಿ ಮತ್ತು ಕಾಗೊಶಿಮಾ ಅನ್ನುವ ಇಬ್ಬರು ವೈದ್ಯರು ತಾವೂ ಇಂಥ ಕಣ್ಣು ನೋಡಿದ್ದೇವೆ, ಆ ರೋಗಿಗಳ ಮಣಿಕಟ್ಟಿನಲ್ಲಿ ನಾಡಿಯೇ ಸಿಗುತ್ತಿರಲಿಲ್ಲ ಅಂದರು.

ಯೋಚಿಸಿ. ಕಣ್ಣಿನ ಕಾಯಿಲೆ ಅಂದುಕೊಂಡದ್ದು ಕಣ್ಣಿನದಲ್ಲ, ದೇಹದ ದೊಡ್ಡ ರಕ್ತನಾಳಗಳ ಕಾಯಿಲೆ ಎಂಬುದರ ಸುಳಿವು ಸಿಕ್ಕಿದ್ದು ಕೇಳುಗರ ಬಾಯಿಂದ! ಇವತ್ತು ಇಡೀ ಲೋಕ ಇದನ್ನು ತಾಕಾಯಾಸು ಕಾಯಿಲೆ ಅನ್ನುತ್ತದೆ, 'ನಾಡಿಯಿಲ್ಲದ ರೋಗ' ಅನ್ನುವ ಹೆಸರೂ ಅದಕ್ಕಿದೆ. ಆ ಇಬ್ಬರು "ಪ್ರೊಫೆಸರ್ ಮುಂದೆ ತಪ್ಪು ವ್ಯಾಕರಣ ಮಾತಾಡಿ ಮರ್ಯಾದೆ ಕಳ್ಕೊಳ್ಳೋದು ಯಾಕೆ" ಅಂತ ಬಾಯಿ ಮುಚ್ಚಿಕೊಂಡಿದ್ದರೆ? ಆ ಸುಳಿವಿಗೆ ಇನ್ನೆಷ್ಟು ವರ್ಷ ಕಾಯಬೇಕಿತ್ತೋ!

ಇನ್ನೊಂದು ಕೇಳಿ. ತೊಮಿಸಾಕು ಕವಾಸಾಕಿ ಟೋಕಿಯೊದ ರೆಡ್ ಕ್ರಾಸ್ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರ್. 1961ರಲ್ಲಿ ನಾಲ್ಕು ವರ್ಷದ ಒಬ್ಬ ಹುಡುಗ ಬಂದ. ಇಳಿಯದ ಜ್ವರ, ಕೆಂಪು ಕಣ್ಣು, ಮೈಮೇಲೆ ದದ್ದು, ಕೊನೆಗೆ ಬೆರಳ ತುದಿಯ ಚರ್ಮ ಸುಲಿದು ಬರುತ್ತಿತ್ತು. ಯಾವ ಪುಸ್ತಕದ ರೋಗಕ್ಕೂ ಹೊಂದಲಿಲ್ಲ. 1962ರಲ್ಲಿ ಇಂಥ 7 ಮಕ್ಕಳ ಕಥೆಯನ್ನು ಚೀಬಾದಲ್ಲಿ ನಡೆದ ಮಕ್ಕಳ ವೈದ್ಯರ ಪ್ರಾಂತೀಯ ಸಭೆಯಲ್ಲಿ ಹೇಳಿದರು. ಇದು ಹೊಸ ಕಾಯಿಲೆಯೇ ಅಲ್ಲ, ಗೊತ್ತಿರುವುದರದೇ ಇನ್ನೊಂದು ರೂಪ ಅನ್ನುವವರು ವರ್ಷಗಟ್ಟಲೆ ಇದ್ದರು. ಅವರು ಬಿಡಲಿಲ್ಲ. 1967ರಲ್ಲಿ 50 ಮಕ್ಕಳ ವಿವರವನ್ನು ಜಪಾನಿನ ಅಲರ್ಜಿ ಪತ್ರಿಕೆಯಲ್ಲಿ ಜಪಾನೀಸಿನಲ್ಲೇ ಬರೆದರು. ಇಂಗ್ಲಿಷಿನಲ್ಲಿ ಅದು ಬಂದದ್ದು 1974ರಲ್ಲಿ.

ನಡುವಿನ ಏಳು ವರ್ಷ ಏನಾಯಿತು ಗೊತ್ತೇ? ಈ ಕಾಯಿಲೆ ತಾನಾಗಿ ವಾಸಿಯಾಗುತ್ತದೆ, ಹಿಂದೆ ಏನನ್ನೂ ಉಳಿಸುವುದಿಲ್ಲ ಅಂತ ಮೊದಲು ಕವಾಸಾಕಿಯೇ ನಂಬಿದ್ದರು. ಟೋಕಿಯೊದ ಸೇಂಟ್ ಲ್ಯೂಕ್ಸ್ ಆಸ್ಪತ್ರೆಯ ಯಾಮಾಮೊತೊ ಅನ್ನುವ ವೈದ್ಯರು ಒಪ್ಪಲಿಲ್ಲ. ಈ ಮಕ್ಕಳ ಇಸಿಜಿಯಲ್ಲಿ ಏರುಪೇರಿದೆ, ಹೃದಯಕ್ಕೂ ಪೆಟ್ಟಾಗುತ್ತಿದೆ ಅಂದರು. 1970ರಲ್ಲಿ ಸರ್ಕಾರವೇ ದೇಶದಾದ್ಯಂತ ಸಮೀಕ್ಷೆ ಮಾಡಿಸಿತು. ಸತ್ತ ಮಕ್ಕಳೂ ಇದ್ದರು, ಸಾವು ಹೃದಯದ ರಕ್ತನಾಳದಿಂದ ಬಂದಿತ್ತು. ಅಂದರೆ, ರೋಗವನ್ನು ಗುರುತಿಸಿದವರೇ ಅದರ ಮುಖ್ಯ ಅಪಾಯದ ವಿಷಯದಲ್ಲಿ ತಪ್ಪಿದ್ದರು. ತಿದ್ದಿದ್ದು ಜೊತೆಯವರು. ಇಂಗ್ಲಿಷ್ ಜಗತ್ತು ಅದನ್ನು ಓದುವ ಹೊತ್ತಿಗೆ ಜಪಾನಿನವರು ತಮ್ಮೊಳಗೆ ಜಗಳ ಆಡಿ ಕಾಳು ಯಾವುದು ಹೊಟ್ಟು ಯಾವುದು ಅಂತ ಬಹುಪಾಲು ಕೇರಿ ಇಟ್ಟಿದ್ದರು.

ನಾನು ಹೇಳಬೇಕೆಂದಿರುವುದು ಇಷ್ಟೇ: ಸಂಶೋಧನೆಯ ಕೊನೆಯ ಮಾತು ಯಾವ ಭಾಷೆಯಲ್ಲಾದರೂ ಇರಲಿ. ಮೊದಲ ಜಗಳ ಮಾತ್ರ ತಾಯ್ನುಡಿಯಲ್ಲಿ ಆಗಬೇಕು. ಮೊದಲ ಜಗಳವೇ ಆಗದ ಸಂಶೋಧನೆ ಹಸಿಹಸಿಯಾಗಿಯೇ ಹೊರಗೆ ಹೋಗುತ್ತದೆ.

ಈಗ ನಮ್ಮ ಮನೆಗೆ ಬನ್ನಿ

ತಂಗಿಯ ಥೀಸಿಸ್ ಸಕ್ಕರೆ ಕಾಯಿಲೆಯವರ ಪಾದದ ಉರಿಯ ಮೇಲೆ. ಪ್ರಿಗ್ಯಾಬಲಿನ್ ಮಾತ್ರೆ ಕೊಟ್ಟು ಮೂರು ತಿಂಗಳಾದ ಮೇಲೆ ಎಷ್ಟು ಗುಣ ಅಂತ ನೋಡುವುದು. ಕಾಲೇಜಿನಲ್ಲಿ ಅವಳ ಮೊದಲ ಪ್ರೆಸೆಂಟೇಶನ್ ಆಯಿತು. ಹೇಗಾಯ್ತು ಅಂತ ಫೋನಿನಲ್ಲಿ ಕೇಳಿದರೆ ಅವಳು ಹೇಳಿದ್ದು: "ಅಣ್ಣ, ಎರಡು ಸ್ಪೆಲಿಂಗ್ ತಪ್ಪು ಹಿಡಿದ್ರು. ಒಂದು ಪದ ಸರಿಯಾಗಿ ಉಚ್ಚರಿಸಲಿಲ್ಲ ಅಂತ ನಕ್ಕರು. ಒಬ್ಬರು ಏನೋ ಕೇಳಿದ್ರು, ಉತ್ತರ ಗೊತ್ತಿತ್ತು, ಇಂಗ್ಲಿಷಲ್ಲಿ ಜೋಡಿಸೋ ಹೊತ್ತಿಗೆ ನೆಕ್ಸ್ಟ್ ಅಂದುಬಿಟ್ರು."

ಅವಳು ಹಳ್ಳಿ ಕನ್ನಡ ಶಾಲೆಯಲ್ಲಿ ಓದಿ ಬಂದವಳು. ಅವಳ ಇಂಗ್ಲಿಷ್ ಕೆಟ್ಟದ್ದೇನಲ್ಲ. ಪುಸ್ತಕ ಓದುತ್ತಾಳೆ, ಪರೀಕ್ಷೆ ಬರೆಯುತ್ತಾಳೆ. ಆದರೆ ಹತ್ತು ಜನರ ಮುಂದೆ, ಹಿರಿಯರೊಬ್ಬರು ಹುಬ್ಬು ಏರಿಸಿದಾಗ, "ಇಲ್ಲ ಸರ್, ಅದು ಹಾಗಲ್ಲ" ಅಂತ ವಾದ ಮಾಡುವ ಇಂಗ್ಲಿಷ್ ಬೇರೆ. ಆ ಇಂಗ್ಲಿಷ್ ನನಗೂ ಕೆಲಸಕ್ಕೆ ಸೇರಿ ಐದು ವರ್ಷವಾದ ಮೇಲೆ ಬಂತು. ನಿಮ್ಮಲ್ಲಿ ಎಷ್ಟು ಜನರಿಗೆ ಮೊದಲ ದಿನವೇ ಬಂತು? ಎದೆ ಮುಟ್ಟಿ ಹೇಳಿ.

ಒಸಾಕಾದ ಆ ಗುರುವಾರ ನೋಡಿದ ಮೇಲೆ ತಂಗಿಗೆ ಹೇಳಿದೆ: "ಭಾನುವಾರ ಕೂತ್ಕೊಳ್ಳೋಣ ಕಣೇ. ನನ್ನ ಮುಂದೆ ಕನ್ನಡದಲ್ಲಿ ಹೇಳು. ಸ್ಲೈಡ್ ಇಂಗ್ಲಿಷಲ್ಲೇ ಇರಲಿ." ಜೊತೆಗೆ ಇಂಗ್ಲೆಂಡಿನಲ್ಲಿರುವ ಒಬ್ಬ ಡಾಕ್ಟರ್ ಗೆಳೆಯನನ್ನೂ ಎಳೆದುಕೊಂಡೆ. ಅವಳು ಹತ್ತು ನಿಮಿಷ ಹೇಳಿದಳು. ನಾನು ಕೋಡ್ ರಿವ್ಯೂ ಮಾಡುವವನು, ನನಗೆ ಬರುವುದು ಒಂದೇ ವಿದ್ಯೆ: ಲೆಕ್ಕ ಎಲ್ಲಿ ಹರಿಯುತ್ತೆ ಅಂತ ನೋಡುವುದು.

"ಶುರುವಿನಲ್ಲಿ 60 ಜನ. ಕೊನೇಲಿ 47. ಉಳಿದ 13 ಜನ ಎಲ್ಲಿ?"

"ಲಾಸ್ಟ್ ಟು ಫಾಲೋ ಅಪ್ ಅಣ್ಣ. ಸ್ಲೈಡಲ್ಲಿದೆ ನೋಡು."

"ಅಂದ್ರೆ?"

"ಮತ್ತೆ ಬರಲಿಲ್ಲ ಅಂತ."

"ಯಾಕೆ ಬರಲಿಲ್ಲ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವಳು ಹೇಳಿದಳು: "ಕೆಲವರಿಗೆ ಫೋನ್ ಮಾಡಿದ್ದೆ. ಒಬ್ಬಜ್ಜಿ ಹೇಳಿದ್ಳು, ಮಾತ್ರೆ ತಗೊಂಡ್ರೆ ತಲೆ ಗಿರ್ ಅನ್ನುತ್ತೆ ಕಣವ್ವ, ಕೊಟ್ಟಿಗೇಲಿ ಬಿದ್ದೆ, ಬಿಟ್ಟುಬಿಟ್ಟೆ ಅಂತ. ಇನ್ನೂ ನಾಲ್ಕೈದು ಜನ ಅದನ್ನೇ ಹೇಳಿದ್ರು."

ಕೇಳಿದಿರಾ? ತಲೆಸುತ್ತು ಆ ಮಾತ್ರೆಯ ಗೊತ್ತಿರುವ ಅಡ್ಡಪರಿಣಾಮ. ಮಾತ್ರೆ ಹಿಡಿಸದೆ ಬಿದ್ದು ಎದ್ದವರು ಮನೆಯಲ್ಲಿ ಉಳಿದರು, ಹಿಡಿಸಿದವರು ಮತ್ತೆ ಬಂದರು. ಬಂದವರನ್ನಷ್ಟೇ ಎಣಿಸಿದರೆ ಔಷಧ ಗೆಲ್ಲದೆ ಇರುತ್ತದೆಯೇ? ಓಡದೆ ಕುಸಿದುಬಿದ್ದ ಟೆಸ್ಟುಗಳನ್ನು ಬಿಟ್ಟು, ಓಡಿದವುಗಳನ್ನು ಮಾತ್ರ ಎಣಿಸಿ "ಎಲ್ಲಾ ಪಾಸ್" ಅಂದಹಾಗೆ! ತಂಗಿಗೆ ಇದು ಗೊತ್ತಿತ್ತು. ಅವಳೇ ಫೋನ್ ಮಾಡಿದ್ದಳು. ಆದರೆ ಅಜ್ಜಿಯ ಮಾತು ಸ್ಲೈಡಿಗೆ ಹೋಗುವ ದಾರಿಯಲ್ಲಿ ನಾಲ್ಕು ಇಂಗ್ಲಿಷ್ ಪದಗಳ ಕೆಳಗೆ ಹೂತುಹೋಯಿತು. ಅಗೆದು ತೆಗೆಯುವ ಪ್ರಶ್ನೆಯನ್ನು ಆ ಕೋಣೆಯಲ್ಲಿ ಯಾರೂ ಕೇಳಲಿಲ್ಲ. ಅವರಿಗೆ ಸ್ಪೆಲಿಂಗ್ ನೋಡಿಯೇ ಸಾಕಾಯಿತು.

ತಪ್ಪು ಇಂಗ್ಲಿಷ್ ಭಾಷೆಯದಲ್ಲ. ಚೆನ್ನಾಗಿ ಇಂಗ್ಲಿಷ್ ಬರುವ ಮೇಷ್ಟ್ರೊಬ್ಬರು ಇದನ್ನೇ ಕೇಳಬಹುದಿತ್ತು. ಕೇಳುವವರಿಗೂ ಹೇಳುವವರಿಗೂ ಭಾಷೆಯೇ ಹೊರೆಯಾದಾಗ ವಿಷಯ ಹೊರಲು ಹೆಗಲು ಉಳಿಯುವುದಿಲ್ಲ ಅನ್ನುವುದು ನನ್ನ ದೂರು.

ರೋಗಿಯ ಮಾತು ಎಲ್ಲಿ ಹೋಯಿತು?

ನಮ್ಮ ರೋಗಿ ಡಾಕ್ಟರ ಹತ್ತಿರ ಬಂದು ಏನೇನು ಹೇಳುತ್ತಾನೆ ನೆನಪು ಮಾಡಿಕೊಳ್ಳಿ. ಜೋಮು ಹಿಡಿಯುತ್ತೆ, ಮರಗಟ್ಟುತ್ತೆ, ಚುಳುಕ್ ಅನ್ನುತ್ತೆ, ಉರಿಯುತ್ತೆ, ಸೆಳೆಯುತ್ತೆ, ಇರುವೆ ಹರಿದ ಹಾಗಿರುತ್ತೆ, ಹೊಟ್ಟೆ ತೊಳಸುತ್ತೆ, ಎದೆ ಹಿಂಡಿದ ಹಾಗಾಗುತ್ತೆ. ಒಂದೊಂದಕ್ಕೂ ಒಂದೊಂದು ಬಣ್ಣ. ಕೇಸ್ ಶೀಟಿಗೆ ಹೋಗುವ ಹೊತ್ತಿಗೆ ಇವು ಮೂರೋ ನಾಲ್ಕೋ ಇಂಗ್ಲಿಷ್ ಪದಗಳಾಗಿ ಸವೆದಿರುತ್ತವೆ. ಕೇಸ್ ಶೀಟಿನಿಂದ ಸ್ಲೈಡಿಗೆ ಬಂದಾಗ ಒಂದೇ ಪದ. ಒಸಾಕಾದ ಆ ಹಿರಿಯರು "ತನ್ನ ಬಾಯಲ್ಲಿ ಏನಂದ?" ಅಂತ ಯಾಕೆ ಕೇಳಿದರು ಈಗ ಗೊತ್ತಾಯಿತಲ್ಲ?

ಜನರ ಮಾತಿನಲ್ಲಿ ವಿಜ್ಞಾನ ಇರುವುದಿಲ್ಲ ಅನ್ನುವವರಿಗೆ ಎರಡು ಹೆಸರು ಹೇಳುತ್ತೇನೆ. ಜಪಾನಿನ ತೊಯಾಮಾದಲ್ಲಿ ಜಿಂಜು ನದಿಯ ದಡದ ಹೆಂಗಸರು ಮೂಳೆ ಮುರಿಯುವ ನೋವಿಗೆ "ಇತಾಯ್, ಇತಾಯ್" ಅಂತ ಕೂಗುತ್ತಿದ್ದರು, ಅಂದರೆ "ನೋವು, ನೋವು". ಅದೇ ರೋಗದ ಹೆಸರಾಯಿತು. ಗಣಿಯಿಂದ ನದಿಗೆ ಸೇರಿದ ಕ್ಯಾಡ್ಮಿಯಂ ಅದಕ್ಕೆ ಕಾರಣ ಅಂತ 1968ರಲ್ಲಿ ಸರ್ಕಾರ ಒಪ್ಪಿಕೊಂಡಿತು. ಇವತ್ತು ಇಂಗ್ಲಿಷ್ ಪುಸ್ತಕಗಳಲ್ಲೂ ಆ ನರಳಾಟವೇ ರೋಗದ ಹೆಸರು.

ಇನ್ನೊಂದು ನಮ್ಮದು. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಜನರಿಗೂ ಜ್ವರ ಬಂತು. ಊರವರು 'ಮಂಗನ ಕಾಯಿಲೆ' ಅಂದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹೊಸ ವೈರಸ್ ಕಂಡುಹಿಡಿದರು, ಉಣುಗು ಅದನ್ನು ಹರಡುತ್ತದೆ ಅಂತ ತೋರಿಸಿದರು. ದೊಡ್ಡ ಕೆಲಸ, ಅನುಮಾನವಿಲ್ಲ. ಆದರೆ ಮಂಗ ಸತ್ತ ಕಡೆ ಮನುಷ್ಯನಿಗೆ ಜ್ವರ ಬರುತ್ತದೆ ಅನ್ನುವ ಸುಳಿವು ಊರವರು ಇಟ್ಟ ಆ ಎರಡು ಪದದ ಹೆಸರಲ್ಲೇ ಇತ್ತು ಅಲ್ಲವೇ?

ನೀವು ಕೇಳುವ ಪ್ರಶ್ನೆಗಳು

"ಕನ್ನಡದಲ್ಲಿ ಪದಗಳೇ ಇಲ್ಲವಲ್ಲ?" ಇದು ಮೊದಲ ಆಕ್ಷೇಪ. ಜಪಾನಿನವರಿಗೂ ಇರಲಿಲ್ಲ. 1771ರಲ್ಲಿ ಸುಗಿತಾ ಗೆಂಪಾಕು, ಮಾಯೆನೊ ರ್ಯೋತಾಕು ಮತ್ತು ಗೆಳೆಯರು ಇಂದಿನ ಟೋಕಿಯೊದ ಕೊಜುಕಾಪ್ಪಾರ ವಧಾಸ್ಥಾನದಲ್ಲಿ ಹೆಣ ಕೊಯ್ಯುವುದನ್ನು ನೋಡಿದರು. ಕೈಯಲ್ಲಿದ್ದ ಡಚ್ ಪುಸ್ತಕದ ಚಿತ್ರಗಳಿಗೆ ಅದು ಹೊಂದಿತು. ಅದನ್ನು ಭಾಷಾಂತರಿಸಲೇಬೇಕು ಅಂತ ಕೂತರು. ಮಾಯೆನೊ ಒಬ್ಬರನ್ನು ಬಿಟ್ಟರೆ ಉಳಿದವರಿಗೆ ಡಚ್ ಭಾಷೆ ಬಾರದು ಅನ್ನುವಷ್ಟೇ ಬರುತ್ತಿತ್ತು! 1774ರಲ್ಲಿ 'ಕಾಯ್ತಾಯ್ ಶಿನ್‌ಶೊ' ಹೊರಬಂತು. ನರ ಅನ್ನುವುದಕ್ಕೆ 'ಶಿಂಕೇಯ್' ಅನ್ನುವ ಪದ ಹುಟ್ಟಿದ್ದು ಅಲ್ಲಿ. ಪದಗಳನ್ನು ಇಟ್ಟುಕೊಂಡು ಅವರು ಕೆಲಸ ಶುರುಮಾಡಲಿಲ್ಲ, ಕೆಲಸ ಶುರುಮಾಡಿ ಪದ ಮಾಡಿಕೊಂಡರು. ಪದ ಸಿಗದಿದ್ದರೆ ಎರವಲು ತಂದರು. ರೋಗಿಯ ದಾಖಲೆಗೆ ಇವತ್ತಿಗೂ ಇಲ್ಲಿ 'ಕಾರುತೆ' ಅನ್ನುತ್ತಾರೆ, ಅದು ಜರ್ಮನ್ ಪದ. ಮೂಳೆ ಮುರಿದರೆ ಹಾಕುವ ಕಟ್ಟು 'ಗಿಪುಸು', ಅದೂ ಜರ್ಮನ್. ಅದರಿಂದ ಜಪಾನೀಸ್ ಸತ್ತುಹೋಯಿತೇ? ನಮ್ಮ ಅಜ್ಜಿಯರು ಬಿಪಿ, ಶುಗರ್, ಸ್ಕ್ಯಾನಿಂಗ್ ಅನ್ನುವುದು ಕನ್ನಡದಲ್ಲೇ. ಸ್ಲೈಡಿನ ಪದ ಇಂಗ್ಲಿಷೇ ಇರಲಿ, ಕ್ರಿಯಾಪದ ಕನ್ನಡದ್ದಾದರೆ ಸಾಕು. ಶುದ್ಧ ಕನ್ನಡದ ಹಟ ಹಿಡಿದು ಕೂತರೆ ಮೊದಲ ಸಭೆಯೂ ನಡೆಯುವುದಿಲ್ಲ.

"ಜಗತ್ತು ಓದುವುದು ಇಂಗ್ಲಿಷನ್ನಲ್ಲವೇ?" ಹೌದು, ಬರೆಯಲಿ. ಹಾಶಿಮೊತೊ ಹಾಕಾರು ಥೈರಾಯ್ಡ್ ಬಗ್ಗೆ 1912ರಲ್ಲಿ ಬರೆದದ್ದು ಜರ್ಮನ್ ಭಾಷೆಯಲ್ಲಿ, ಆವತ್ತಿನ ವೈದ್ಯಜಗತ್ತಿನ ದೊಡ್ಡ ಭಾಷೆ ಅದು. ಹೊರಗಿನವರಿಗೆ ಹೊರಗಿನ ಭಾಷೆ. ಮನೆಯೊಳಗೂ ಅದೇ ಆಗಬೇಕು ಅಂತ ಯಾರು ಹೇಳಿದ್ದು? ಇಲ್ಲಿನ ಹೊಸ ಪೀಳಿಗೆಯ ವೈದ್ಯರಿಗೆ ಇಂಗ್ಲಿಷ್ ಮಾತು ತೊಡಕು, ಅದರಿಂದ ಅವರಿಗೆ ನಷ್ಟವೂ ಇದೆ. ಅದನ್ನು ನಾವು ಅನುಕರಿಸಬೇಕಿಲ್ಲ. ನಮಗೆ ಎರಡೂ ಬರಲಿ.

"ಮೆಡಿಕಲ್ ಕಾಲೇಜಿನಲ್ಲಿ ಕನ್ನಡ ಬಾರದವರೇ ತುಂಬಿದ್ದಾರಲ್ಲ?" ನಿಜ. ಸರ್ಕಾರಿ ಕಾಲೇಜುಗಳ ಪಿಜಿ ಸೀಟುಗಳಲ್ಲಿ ಅರ್ಧ ಅಖಿಲ ಭಾರತ ಕೋಟಾಕ್ಕೆ ಹೋಗುತ್ತವೆ. ಬೇರೆ ರಾಜ್ಯದವರು ಬರುತ್ತಾರೆ, ಅವರೂ ನಮ್ಮ ರೋಗಿಗಳನ್ನೇ ನೋಡುತ್ತಾರೆ. ಅವರನ್ನು ಹೊರಗಿಡಬೇಕು ಅಂತ ನಾನು ಹೇಳುತ್ತಿಲ್ಲ. ಕಾಲೇಜಿನ ಸಭೆ ಇಂಗ್ಲಿಷಿನಲ್ಲೇ ನಡೆಯಲಿ. ಅದಕ್ಕೆ ಮುಂಚಿನ ತಾಲೀಮು, ಬೇಕಾದವರಿಗೆ, ಕನ್ನಡದಲ್ಲಿ ಸಿಗಲಿ. ಹಾಗೇ ಕನ್ನಡ ಕಲಿಯಲು ಮನಸ್ಸಿರುವ ಹೊರಗಿನ ಡಾಕ್ಟರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಯಾವುದು?

"ಜಪಾನ್ ಅಂದರೆ ಸ್ವರ್ಗವೇ?" ಖಂಡಿತ ಅಲ್ಲ. ಇಲ್ಲೂ ಪ್ರೊಫೆಸರ್ ಮುಂದೆ ತಲೆ ಬಗ್ಗಿಸಿ ಸುಮ್ಮನಾಗುವವರಿದ್ದಾರೆ. ರಕ್ತದೊತ್ತಡದ ವಾಲ್ಸಾರ್ಟನ್ ಔಷಧದ ಮೇಲೆ ಇಲ್ಲಿನ ವಿಶ್ವವಿದ್ಯಾಲಯಗಳು ನಡೆಸಿದ ದೊಡ್ಡ ಅಧ್ಯಯನಗಳಲ್ಲಿ ಅಂಕಿಅಂಶಗಳೇ ನಂಬುವಂತಿರಲಿಲ್ಲ. ಕ್ಯೋತೊ ಹಾರ್ಟ್ ಸ್ಟಡಿ, ಜಿಕೇಯ್ ಹಾರ್ಟ್ ಸ್ಟಡಿ ಎರಡರ ಲೇಖನಗಳನ್ನೂ 2013ರಲ್ಲಿ ಪತ್ರಿಕೆಗಳು ಹಿಂತೆಗೆದುಕೊಂಡವು. 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಗೆ ಪತ್ರ ಬರೆದು ಲೆಕ್ಕದ ಮೇಲೆ ಸಂಶಯ ಎತ್ತಿದ್ದು ಕ್ಯೋತೊದ ವೈದ್ಯ ಯೋಶಿಕಿ ಯುಯಿ, ಅದೂ ಇಂಗ್ಲಿಷಿನಲ್ಲಿ. ಆಮೇಲೆ 2017ರಲ್ಲಿ ದೇಶ ಹೊಸ ಕಾನೂನನ್ನೇ ಮಾಡಬೇಕಾಯಿತು. ತಾಯ್ನುಡಿಯಲ್ಲಿ ಮಾತಾಡಿದ ಮಾತ್ರಕ್ಕೆ ಪ್ರಾಮಾಣಿಕತೆ ಬರುವುದಿಲ್ಲ. ಕೇಳುವ ಧೈರ್ಯ ಇಲ್ಲದಿದ್ದರೆ ಯಾವ ಭಾಷೆಯೂ ಉಳಿಸುವುದಿಲ್ಲ. ಆದರೆ ಧೈರ್ಯ ಇರುವವನ ಬಾಯಿಗೆ ಭಾಷೆಯ ಬೀಗ ಹಾಕುವುದು ಯಾವ ನ್ಯಾಯ?

"ಮೊದಲು ಪಠ್ಯಪುಸ್ತಕ ಬರಲಿ, ಆಮೇಲೆ ನೋಡೋಣ" ಅನ್ನುವವರೂ ಇದ್ದಾರೆ. ಮಧ್ಯಪ್ರದೇಶ 2022ರ ಅಕ್ಟೋಬರಿನಲ್ಲಿ ಎಂಬಿಬಿಎಸ್‌ಗೆ ಹಿಂದಿ ಪುಸ್ತಕಗಳನ್ನು ಬಿಡುಗಡೆ ಮಾಡಿತು. ಮಾಡಲಿ. ಆದರೆ ಪುಸ್ತಕ ಬಂದ ಮಾತ್ರಕ್ಕೆ ಮಾತು ಹುಟ್ಟುವುದಿಲ್ಲ. ಮಾತಾಡುವವರಿದ್ದರೆ ಪುಸ್ತಕ ತಾನಾಗಿ ಬೇಕಾಗುತ್ತದೆ.

ನಮ್ಮಲ್ಲಿ ಇಲ್ಲದಿರುವುದು ಒಂದೇ

ಕನ್ನಡಕ್ಕೆ ವೈದ್ಯ ಬರಹ ಹೊಸದಲ್ಲ. ಬಹಳ ಹಿಂದೆಯೇ ಕೀರ್ತಿವರ್ಮ 'ಗೋವೈದ್ಯ' ಬರೆದ. ಹದಿನಾಲ್ಕನೇ ಶತಮಾನದಲ್ಲಿ ಮಂಗರಾಜ 'ಖಗೇಂದ್ರಮಣಿದರ್ಪಣ'ದಲ್ಲಿ ವಿಷವೈದ್ಯವನ್ನೇ ಕನ್ನಡಕ್ಕೆ ಕೊಟ್ಟ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು 'ವಿಜ್ಞಾನ' ಪತ್ರಿಕೆ ತಂದರು. ಡಾ. ಅನುಪಮಾ ನಿರಂಜನರ 'ತಾಯಿ ಮಗು' ಓದಿ ಎಷ್ಟೋ ಮನೆಗಳಲ್ಲಿ ಮಕ್ಕಳು ಬೆಳೆದರು. ಡಾ. ಡಿ.ಎಸ್. ಶಿವಪ್ಪನವರು ವೈದ್ಯಕೀಯ ಪದಗಳಿಗಾಗಿ ಜೀವ ತೇದರು.

ನಮ್ಮ ಕಾಲಕ್ಕೆ ಬಂದರೆ ಕಾಣುವುದು ಇಷ್ಟು: ಡಾಕ್ಟರು ಜನರಿಗೆ ಕನ್ನಡದಲ್ಲಿ ಹೇಳಿದ್ದಾರೆ. ಡಾಕ್ಟರು ಡಾಕ್ಟರಿಗೆ ಕನ್ನಡದಲ್ಲಿ ಹೇಳುವುದು ಕ್ಯಾಂಟೀನಿನಲ್ಲಿ ಮಾತ್ರ! ಕಾಫಿ ಹೀರುತ್ತಾ "ಆ ಕೇಸಲ್ಲಿ ನಂಗೆ ಅನುಮಾನ ಇದೆ ಮಾರಾಯ" ಅಂತ ಬಿಚ್ಚಿ ಮಾತಾಡಿದವರೇ ಸಭೆಯ ಬಾಗಿಲು ದಾಟಿದ ಕೂಡಲೇ ನಾಲಿಗೆ ಮಡಚಿಕೊಳ್ಳುತ್ತಾರೆ. ಕ್ಯಾಂಟೀನಿನ ಆ ಅನುಮಾನವನ್ನು ಸಭೆಯೊಳಕ್ಕೆ ತರಬೇಕು. ಇಷ್ಟೇ ನನ್ನ ಬೇಡಿಕೆ.

ನಾವೇನು ಮಾಡಬಹುದು?

ಸರ್ಕಾರ ಮಾಡಲಿ, ವಿಶ್ವವಿದ್ಯಾಲಯ ಮಾಡಲಿ ಅಂತ ಮನವಿ ಪತ್ರ ಬರೆದು ಕೂರುವುದು ಬೇಡ. ಅದು ಆಗುವ ಹೊತ್ತಿಗೆ ನನ್ನ ತಂಗಿ ರಿಟೈರ್ ಆಗಿರುತ್ತಾಳೆ. ಈ ಪತ್ರ ಓದುವವರಲ್ಲಿ ಡಾಕ್ಟರುಗಳಿದ್ದೀರಿ, ಔಷಧ ಕಂಪನಿಗಳಲ್ಲಿ ಅಂಕಿಅಂಶ ನೋಡುವವರಿದ್ದೀರಿ, ನನ್ನಂಥ ಸಾಫ್ಟ್‌ವೇರಿನವರಂತೂ ಹಿಡಿ ಹಿಡಿಯಷ್ಟಿದ್ದೀರಿ. ತಿಂಗಳಿಗೆ ಒಂದು ಗಂಟೆ ಕೊಡಿ. ನಿಮ್ಮ ಊರಿನ, ನೆಂಟರಲ್ಲಿನ, ಗೆಳೆಯರ ಮನೆಯ ಒಬ್ಬ ಪಿಜಿ ವಿದ್ಯಾರ್ಥಿಯ ತಾಲೀಮು ಕೇಳಿ. ನಾವು ಮೂವರು ಮಾಡಿ ನೋಡಿದ ಕಟ್ಟಳೆಗಳು ಇವು:

ಸ್ಲೈಡ್ ಯಾವ ಭಾಷೆಯಲ್ಲಾದರೂ ಇರಲಿ, ಮಾತು ಕನ್ನಡದಲ್ಲಿ. ಸಿಗದ ಪದಕ್ಕೆ ಒದ್ದಾಡಬೇಡಿ, ಇಂಗ್ಲಿಷ್ ಪದ ಹಾಕಿ ಮುಂದೆ ಹೋಗಿ.

ರೋಗಿಯ ಹೆಸರು, ಊರು, ಮುಖ, ಆಸ್ಪತ್ರೆಯ ನಂಬರ್ ಯಾವುದೂ ಪರದೆ ಮೇಲೆ ಬರಕೂಡದು. ಕಾಲೇಜಿನ ಗೈಡ್‌ಗೆ ಹೇಳಿಯೇ ಮಾಡಬೇಕು, ಕದ್ದುಮುಚ್ಚಿ ಅಲ್ಲ.

ಹೇಳುವಷ್ಟು ಹೊತ್ತು ಯಾರೂ ಬಾಯಿ ಹಾಕಬಾರದು. ಆಮೇಲೆ ಹೇಳಿದ್ದರ ಮೂರರಷ್ಟು ಹೊತ್ತು ಪ್ರಶ್ನೆಗೆ.

ಮೊದಲ ಪ್ರಶ್ನೆ ಲೆಕ್ಕದ್ದು: ಶುರುವಿನಲ್ಲಿ ಎಷ್ಟು ಜನ, ಕೊನೆಯಲ್ಲಿ ಎಷ್ಟು, ನಡುವೆ ಹೋದವರು ಯಾಕೆ ಹೋದರು? ಎರಡನೆಯದು: ರೋಗಿ ತನ್ನ ಬಾಯಲ್ಲಿ ಏನಂದ? ಮೂರನೆಯದು: ನಿನ್ನ ತೀರ್ಮಾನ ತಪ್ಪಾಗಿದ್ದರೆ ಅದು ನಿನಗೆ ಹೇಗೆ ಗೊತ್ತಾಗುತ್ತೆ?

ಉಚ್ಚಾರಣೆ, ಸ್ಪೆಲಿಂಗ್ ಕಟ್ಟಕಡೆಗೆ, ಅದೂ ಚೀಟಿಯಲ್ಲಿ ಬರೆದು ಕೊಡಿ. ನಗುವ ಹಾಗಿಲ್ಲ.

ಕೊನೆಗೊಂದು ಸಲ ಅದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಿಸಿ. ಆಗ ನೋಡಿ ಚಮತ್ಕಾರ. ವಿಷಯ ಗಟ್ಟಿಯಾದ ಮೇಲೆ ಇಂಗ್ಲಿಷ್ ಅರ್ಧ ಹೆದರಿಕೆ ಬಿಟ್ಟು ತಾನೇ ಬರುತ್ತದೆ.

ತಂಗಿ ಏನಾದಳು ಅಂತ ಕೇಳುತ್ತೀರಲ್ಲ. ಆ 13 ಜನಕ್ಕೂ ಮತ್ತೆ ಫೋನ್ ಮಾಡಿದಳು. ಸಿಕ್ಕಿದ್ದು 9 ಜನ. ಅವರಲ್ಲಿ 6 ಜನ ತಲೆಸುತ್ತಿಗೇ ಮಾತ್ರೆ ಬಿಟ್ಟವರು. ಅವರನ್ನು ಲೆಕ್ಕಕ್ಕೆ ಸೇರಿಸಿದ ಮೇಲೆ ಅವಳ ಫಲಿತಾಂಶ ಮೊದಲಿನಷ್ಟು ಚೆಂದ ಕಾಣುತ್ತಿಲ್ಲ. "ಮಾರ್ಕ್ಸ್ ಕಮ್ಮಿ ಬರಬಹುದು ಅಣ್ಣ" ಅಂದಳು. "ಬರಲಿ ಬಿಡೇ" ಅಂದೆ. ಎರಡನೇ ಸಲ ಕಾಲೇಜಿನಲ್ಲಿ ನಿಂತಾಗ ಹಿರಿಯರೊಬ್ಬರು ಇಂಗ್ಲಿಷಿನಲ್ಲಿ ಅದನ್ನೇ ಕೇಳಿದರಂತೆ, ಉಳಿದವರು ಎಲ್ಲಿ ಅಂತ. ಅವಳು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಳು, ತಡವರಿಸುತ್ತಲೇ, ಆದರೆ ಪೂರ್ತಿಯಾಗಿ. ಯಾರೂ ನೆಕ್ಸ್ಟ್ ಅನ್ನಲಿಲ್ಲ. ಆ ಅಜ್ಜಿಗೆ ಈಗ ಮಾತ್ರೆಯ ಪ್ರಮಾಣ ಇಳಿಸಿದ್ದಾರೆ.

ಮುಂದಿನ ಭಾನುವಾರ ಇನ್ನೊಬ್ಬ ಹುಡುಗನ ಸರದಿ. ಕೇಳಲು ಮೂವರು ಸಾಲುವುದಿಲ್ಲ. ಏನೂ ತಿಳಿಯದವರ ಪ್ರಶ್ನೆಗಳು ಬೇಕಾಗಿವೆ. ಬರುತ್ತೀರಾ?

ಇಂತಿ ನಿಮ್ಮವನೇ ಆದ,
ಜಪಾನಿನಲ್ಲಿರುವ ಒಬ್ಬ ಕನ್ನಡಿಗ